ಆಲ್ಫಾ 0.9 ದಾಟಿದರೆ ಪ್ರಶ್ನಾವಳಿ ಗೆದ್ದಂತಲ್ಲ

‘ಕ್ರಾನ್‌ಬಾಕ್ ಆಲ್ಫಾ 0.9 ದಾಟಿದರೆ ಸಾಕು, ರೋಗಿಗಳ ಪ್ರಶ್ನಾವಳಿ ಸರಿಯಾಗಿದೆ ಎಂದರ್ಥ’ ಎಂಬ ಮಾತು ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮನಶ್ಶಾಸ್ತ್ರಜ್ಞ ಲೀ ಕ್ರಾನ್‌ಬಾಕ್ ಅವರ 1951ರ ಲೇಖನದಿಂದ ಹೆಸರಾದ, ಸಾಮಾನ್ಯವಾಗಿ 0ಯಿಂದ 1ರ ನಡುವೆ ಬರುವ ಈ ಅಂಕಿ ಹೇಳುವುದು ಇಷ್ಟೇ: ಪ್ರಶ್ನೆಗಳ ಉತ್ತರಗಳು ಎಷ್ಟರ ಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದು. ಅಳೆಯಬೇಕಾದುದನ್ನೇ ಅಳೆಯುತ್ತಿದ್ದೇವೆಯೇ ಎಂಬುದಕ್ಕೆ ಅದರ ಬಳಿ ಉತ್ತರವಿಲ್ಲ.

ಅದನ್ನು ಉಬ್ಬಿಸುವುದೂ ಸುಲಭ. ‘ಮೆಟ್ಟಿಲು ಹತ್ತಲು ಕಷ್ಟವೇ?’, ‘ಮೆಟ್ಟಿಲೇರುವಾಗ ತೊಂದರೆಯಾಗುತ್ತದೆಯೇ?’ ಎಂದು ಒಂದನ್ನೇ ತಿರುವಿ ತಿರುವಿ ಕೇಳಿ. ಆಲ್ಫಾ ಏರುತ್ತದೆ, ರೋಗಿಗೆ ಬೇಸರ ಬರುತ್ತದೆ, ಹೊಸ ಮಾಹಿತಿ ಸೊನ್ನೆ. ಅದೇ ಬಗೆಯ ಪ್ರಶ್ನೆಗಳನ್ನು ಸೇರಿಸುತ್ತಾ 5ರ ಪಟ್ಟಿಯನ್ನು 20ಕ್ಕೆ ಬೆಳೆಸಿದರೆ, 0.70 ಇದ್ದದ್ದು ಲೆಕ್ಕದ ಪ್ರಕಾರ 0.90 ಆಗುತ್ತದೆ. 0.95ರ ಮೇಲೆ ಹೋದರೆ ನಾನಂತೂ ಅನುಮಾನಿಸುತ್ತೇನೆ.

ಬೇರೆ ಭಾಷೆಯ ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದಿಸುವಾಗ ಇನ್ನೊಂದು ತೊಡಕು. ಕನ್ನಡದ ‘ಕಾಲು’ ಪಾದವೂ ಹೌದು, ತೊಡೆಯಿಂದ ಕೆಳಗಿನ ಇಡೀ ಅಂಗವೂ ಹೌದು. ‘ಕಾಲು ನೋವಿದೆಯೇ?’ ಎಂದರೆ ಒಬ್ಬರು ಮಂಡಿಯನ್ನು, ಇನ್ನೊಬ್ಬರು ಹಿಮ್ಮಡಿಯನ್ನು ನೆನೆದು ಉತ್ತರಿಸುತ್ತಾರೆ. ಇದನ್ನು ಹಿಡಿಯುವುದು ಆಲ್ಫಾ ಅಲ್ಲ; ಏಳೆಂಟು ರೋಗಿಗಳ ಎದುರು ಕುಳಿತು ‘ನಿಮಗೆ ಏನೆಂದು ಅರ್ಥವಾಯಿತು?’ ಎಂದು ಕೇಳುವ ಸಂದರ್ಶನ. ಅಂಶ ವಿಶ್ಲೇಷಣೆ (ಯಾವ ಪ್ರಶ್ನೆಗಳು ಒಂದೇ ಗುಂಪಿಗೆ ಸೇರುತ್ತವೆ ಎಂದು ನೋಡುವ ಲೆಕ್ಕ), ಒಂದೆರಡು ವಾರ ಬಿಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುವ ಮರುಪರೀಕ್ಷೆ ಎಲ್ಲ ಆಮೇಲಿನ ಮಾತು.