ಭೂಮಿ ಹದಕ್ಕೆ ಬರುವ ತನಕ

ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಕಮಿಟಿಯವರು ಕೇಳಿದರು: "ಅಕ್ಕಾರ, ಕ್ರಿಸ್ಮಸ್ ಒಳಗ ಏನರ ಹೊಸಾ ಸೇವೆ ಶುರು ಮಾಡಬೇಕಲ್ಲ, ಏನ್ ಮಾಡೂಣು?" ನಾನು "ಸದ್ಯಕ್ಕೆ ಏನೂ ಬೇಡ, ಕಾಯೋಣ" ಅಂದೆ. ಒಂದಿಬ್ಬರಿಗೆ ಬೇಜಾರಾಯಿತು. ಅಲ್ಲೇ ನಿಂತು ಪೂರ್ತಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಹೋದ ವರ್ಷ ನಾವು ಒಂದು ತಾಂಡಾದಲ್ಲಿ ಸಂಜೆ ಟ್ಯೂಷನ್ ಕ್ಲಾಸ್ ಶುರು ಮಾಡಿದ್ದು ನಿಮಗೆ ನೆನಪಿರಬಹುದು. ಆ ಯೋಚನೆ ನನ್ನದೇ. ಆಗಸ್ಟಿನಲ್ಲಿ ಒಂದೇ ಒಂದು ಸಲ ಹೋಗಿ 22 ಮಕ್ಕಳ ಹೆಸರು ಬರೆದುಕೊಂಡು ಬಂದೆ. ಚಂದಾ ಎತ್ತಿದೆವು. ಬೆಂಚು ಮಾಡಿಸಿದೆವು, ಕಪ್ಪುಹಲಗೆ ತಂದೆವು, ಬ್ಯಾನರ್ ಕಟ್ಟಿದೆವು. ದೀಪಾವಳಿ ಮುಗಿದ ಮೇಲೆ ಪ್ರಾರ್ಥನೆ ಮಾಡಿ ಉದ್ಘಾಟನೆ ಅಂತ ಹೋದರೆ ಇದ್ದದ್ದು ನಾಲ್ಕೇ ಮಕ್ಕಳು. ಮನೆಗಳಿಗೆ ಬೀಗ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಇರುವವರಿಗೆ ಇದು ಹೇಳಬೇಕಾಗಿಯೇ ಇಲ್ಲ. ಹಬ್ಬ ಆಯಿತೆಂದರೆ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೊರಡುತ್ತವೆ. ಮಕ್ಕಳೂ ಹಿಂದೆಯೇ ಹೋಗುತ್ತಾರೆ. ಅಲ್ಲಿ ಮನೆ ನೋಡಿಕೊಳ್ಳಲು ಉಳಿದಿದ್ದ ಒಬ್ಬ ಅಜ್ಜಿ ಬಾಗಿಲಲ್ಲಿ ಕೂತು ನಮ್ಮ ಬೆಂಚುಗಳನ್ನೇ ನೋಡುತ್ತಿದ್ದಳು. "ಒಂದ್ ಮಾತ ಕೇಳಿದ್ರ ನಾವೇ ಹೇಳ್ತಿದ್ವೆಲ್ಲ ಅಕ್ಕಾರ. ಉಗಾದಿ ಮುಂದ ಬರ್ತಾರ ಅವ್ರೆಲ್ಲ" ಅಂದಳು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹುಟ್ಟಿ ಬೆಳೆದದ್ದು ಇದೇ ಜಿಲ್ಲೆಯಲ್ಲಿ. ಗುಳೆ ಹೋಗುವುದು ನನಗೆ ಗೊತ್ತಿಲ್ಲದ ವಿಷಯವೇ? ಗೊತ್ತಿತ್ತು. ಆದರೆ ಆ ವರ್ಷ ನನ್ನ ವಾರ ಹೀಗಿತ್ತು: ಸೋಮವಾರ ಕ್ವಾಯರ್, ಬುಧವಾರ ಕಾಟೇಜ್ ಪ್ರೇಯರ್ (ಮನೆಗಳಲ್ಲಿ ಪ್ರಾರ್ಥನೆ), ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಯೂತ್, ಭಾನುವಾರ ಸಂಡೇ ಸ್ಕೂಲ್. ನಡುವೆ ಶಾಲೆಯ ಕೆಲಸ. ಕರ್ತನ ಹೆಸರಿನಲ್ಲಿ ಓಡಿದ್ದೇ ಓಡಿದ್ದು. ಕರ್ತನನ್ನು ಕೇಳುವುದಕ್ಕೆ, ಆ ಅಜ್ಜಿಯನ್ನು ಕೇಳುವುದಕ್ಕೆ, ಎರಡಕ್ಕೂ ಪುರಸೊತ್ತು ಇರಲಿಲ್ಲ.

ಆಮೇಲೆ 1 ಸಮುವೇಲ 13ನೇ ಅಧ್ಯಾಯ ಓದಿದಾಗ ಅದು ಬೇರೆಯೇ ಕಥೆಯಾಗಿ ಕಾಣಿಸಿತು. ಇಸ್ರಾಯೇಲಿನ ಅರಸ ಸೌಲ ಗಿಲ್ಗಾಲಿನಲ್ಲಿ ಪ್ರವಾದಿ ಸಮುವೇಲನಿಗಾಗಿ 7 ದಿನ ಕಾದ. ಎದುರಿಗೆ ಫಿಲಿಷ್ಟಿಯರ ದೊಡ್ಡ ದಂಡು. ಅವನು ಆರಿಸಿಕೊಂಡಿದ್ದ ಸೈನ್ಯ 3000. ದಿನ ಕಳೆದಂತೆ ಜನ ಜಾರಿಕೊಳ್ಳುತ್ತಾ ಹೋದರು, ಕೊನೆಗೆ ಎಣಿಸಿದಾಗ ಸುಮಾರು 600 ಮಂದಿ ಉಳಿದಿದ್ದರು. ಸಮುವೇಲ ಬರಲಿಲ್ಲ. ಸಮುವೇಲ ಬಂದು ಅರ್ಪಿಸಬೇಕಿದ್ದ ಸರ್ವಾಂಗಹೋಮವನ್ನು ಸೌಲ ತಾನೇ ಅರ್ಪಿಸಿಬಿಟ್ಟ. ಅದು ಮುಗಿಯುವಷ್ಟರಲ್ಲಿ ಸಮುವೇಲ ಬಂದ.

ಗಮನಿಸಿ, ಸೌಲ ಅಲ್ಲಿ ಕುಡಿದು ಕುಣಿಯಲಿಲ್ಲ. ವಿಗ್ರಹಕ್ಕೆ ಅಡ್ಡಬೀಳಲಿಲ್ಲ. ಅವನು ಮಾಡಿದ್ದು ಯೆಹೋವನ ಆರಾಧನೆ! ಜನ ಚದುರುತ್ತಿದ್ದರು, ಹೆದರಿಕೆಯಾಯಿತು, ಆ ಹೆದರಿಕೆಗೆ ಆರಾಧನೆಯನ್ನೇ ಮದ್ದು ಮಾಡಿಕೊಂಡ. ನಾನು ನನ್ನ ಹೆದರಿಕೆಯನ್ನು ಅಲ್ಲಿ ನೋಡಿದೆ. ಸಭೆಗೆ ಬರುವವರು ಕಡಿಮೆಯಾಗುತ್ತಿದ್ದಾರೆ, ಯುವಕರು ಬೆಂಗಳೂರು, ಪುಣೆ ಅಂತ ಹೋಗುತ್ತಿದ್ದಾರೆ, ಏನಾದರೂ ಮಾಡಬೇಕು, ಬೇಗ ಮಾಡಬೇಕು. ನಮ್ಮ ಅರ್ಧಕ್ಕರ್ಧ ಕಾರ್ಯಕ್ರಮಗಳು ಹುಟ್ಟುವುದು ಇಂಥ ಹೆದರಿಕೆಯಿಂದಲೇ ಅಂತ ನನಗನಿಸುತ್ತದೆ. ಅದಕ್ಕೆ ನಾವು ಸೇವೆ ಅಂತ ಹೆಸರು ಕೊಡುತ್ತೇವೆ.

ಈ ವರ್ಷ ಹಿಂಗಾರಿ ಬಿತ್ತನೆಗೆ ಅಪ್ಪನ ಹತ್ತಿರ ಹೋಗಿದ್ದೆ. ನಮ್ಮ ಹೊಲ ಡೋಣಿ ಹೊಳೆಯ ಸಾಲಿನಲ್ಲಿದೆ, ಅಪ್ಪಟ ಎರೆಭೂಮಿ, ಅಂದರೆ ಕಪ್ಪು ಮಣ್ಣು. ಮಳೆ ಚೆನ್ನಾಗಿ ಬಿದ್ದು ಎರಡು ದಿನವಾಗಿತ್ತು, ಬಿಸಿಲೂ ಬಿದ್ದಿತ್ತು. ನನಗೆ ಭಾನುವಾರದೊಳಗೆ ಊರಿಗೆ ವಾಪಸ್ ಬರಬೇಕಿತ್ತು. "ಅಪ್ಪಾ, ಇವತ್ತೇ ಬಿತ್ತಿಬಿಡೋಣ" ಅಂದೆ. ಅಪ್ಪ ಬದುವಿನಿಂದ ಇಳಿದು ನಾಲ್ಕು ಹೆಜ್ಜೆ ಹೋದರು. ಚಪ್ಪಲಿಗೆ ಮಣ್ಣು ಅಂಗೈ ದಪ್ಪ ಮೆತ್ತಿಕೊಂಡಿತು. ಮೇಲಿನ ಮಣ್ಣು ಸರಿಸಿ, ಒಳಗಿನದ್ದು ಒಂದು ಹಿಡಿ ತೆಗೆದು, ಮುಷ್ಟಿಯಲ್ಲಿ ಅಮುಕಿ ಉಂಡೆ ಮಾಡಿ, ಸೊಂಟದೆತ್ತರದಿಂದ ಕೆಳಗೆ ಬಿಟ್ಟರು. ಉಂಡೆ ಒಡೆಯಲಿಲ್ಲ. ಸ್ವಲ್ಪ ಚಪ್ಪಟೆಯಾಗಿ ಹಾಗೇ ಕೂತಿತು. "ಯವ್ವಾ, ಇನ್ನೂ ಹದಕ್ಕ ಬಂದಿಲ್ಲ. ಈಗ ಕೂರಿಗಿ ಹೂಡಿದ್ರ ಮಣ್ಣು ತಾಳಿಗೆ ಮೆತ್ತತೈತಿ. ಆಮ್ಯಾಗ ಒಣಗಿ ಹೆಂಟಿ ಆಗಿ ಬೀಜಾ ಮ್ಯಾಲ ಬರಂಗಿಲ್ಲ. ತಡಿ."

ಆಮೇಲೆ ಅಪ್ಪ ಸುಮ್ನೆ ಕೂತರಾ? ಇಲ್ಲ. ಬೀಜ ಬಿತ್ತುವ ಕೂರಿಗೆಯ ಹಗ್ಗ ಬಿಗಿ ಮಾಡಿದರು. ಬೀಜದ ಜೋಳವನ್ನು ಇನ್ನೊಮ್ಮೆ ಕೇರಿ ಹಸನು ಮಾಡಿದರು. ದಿನಾ ಬೆಳಗಾಗುತ್ತಲೇ ಹೊಲಕ್ಕೆ ಹೋಗಿ ಮತ್ತದೇ, ಹಿಡಿ ಮಣ್ಣು, ಉಂಡೆ, ಕೆಳಗೆ ಬಿಟ್ಟು ನೋಡುವುದು. ಯಾಕೆಂದರೆ ತಡ ಮಾಡಿದರೂ ಕಷ್ಟ, ಮೇಲಿನ ಹಸಿ ಆರಿಹೋದರೆ ಬೀಜ ಮೊಳೆಯುವುದಿಲ್ಲ. ಬಿತ್ತುವ ಒಂದು ದಿನಕ್ಕಾಗಿ ಅವರು ಎಷ್ಟು ಸಲ ಆ ಹೊಲಕ್ಕೆ ಹೋದರು ಅಂತ ನಾನು ನೋಡಿದೆ. ಮೂರನೇ ದಿನ ಬೆಳಿಗ್ಗೆ ಉಂಡೆ ಬಿದ್ದ ಕೂಡಲೇ ಪುಡಿಪುಡಿಯಾಯಿತು. ಅಪ್ಪ ಎತ್ತು ಹೂಡಲು ಹೋದರು. ಒಂದು ಮಾತೂ ಆಡಲಿಲ್ಲ.

ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ಮುಂಗಾರು ಹಿಂಗಾರು ಮಳೆಗಾಗಿ ತಾಳಿಕೊಂಡಿರುವ ರೈತನ ಮಾತಿದೆಯಲ್ಲ, ಅದನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ಬದುವಿನ ಮೇಲೆ. ನಮ್ಮ ಭಾಷೆಯೇ ಎಷ್ಟು ಚೆನ್ನಾಗಿ ಹೇಳುತ್ತದೆ ನೋಡಿ. ಬಸ್ಸಿಗೂ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ, ಕುರಿಯನ್ನೂ ಕಾಯುತ್ತೇವೆ. ಎದುರು ನೋಡುವುದಕ್ಕೂ ಕಾವಲು ಇರುವುದಕ್ಕೂ ಒಂದೇ ಮಾತು. ಮೋಶೆ ಮಿದ್ಯಾನಿನಲ್ಲಿ 40 ವರ್ಷ ಕಳೆದ, ಮಾವನ ಕುರಿ ಕಾಯುತ್ತಲೇ ಇದ್ದ. ದೇವರು ಅವನನ್ನು ಕರೆದ ಉರಿಯುವ ಪೊದೆ ಕಂಡದ್ದೂ ಕುರಿ ಕಾಯುತ್ತಿದ್ದಾಗಲೇ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ, ಇಲ್ಲಿ ತಪ್ಪು ತಿಳಿಯುವವರು ಜಾಸ್ತಿ. ಹಸಿದವನು ಬಾಗಿಲಿಗೆ ಬಂದಾಗ "ದೇವರ ಚಿತ್ತ ಏನು ಅಂತ ಪ್ರಾರ್ಥನೆ ಮಾಡಿ ಹೇಳ್ತೀನಿ" ಅನ್ನಬಾರದು. ಅದನ್ನು ದೇವರು ಆಗಲೇ ಹೇಳಿಯಾಗಿದೆ. ರೊಟ್ಟಿ ಕೊಡಬೇಕು ಅಷ್ಟೇ. ನಾನು ಹೇಳುತ್ತಿರುವುದು ನಾವೇ ಹುಟ್ಟಿಸಿ, ನಾವೇ ದಿನಾಂಕ ಇಟ್ಟು, ಬ್ಯಾನರ್ ಪ್ರಿಂಟ್ ಆದ ಮೇಲೆ "ಕರ್ತನೇ ಆಶೀರ್ವದಿಸು" ಅನ್ನುವ ಕೆಲಸಗಳ ಬಗ್ಗೆ.

ಯೇಸು ಮನೆಗೆ ಬಂದಾಗ ಅಡುಗೆಯ ಗಡಿಬಿಡಿಯಲ್ಲಿದ್ದ ಮಾರ್ಥಳ ಪ್ರಸಂಗವನ್ನೂ ನಾವು ಸರಿಯಾಗಿ ಹೇಳುವುದಿಲ್ಲ ಅಂತ ನನಗೆ ಬೇಸರವಿದೆ. ಪ್ರೀತಿ ಭೋಜನದ ದಿನ ಹಿಂದೆ ಪಾತ್ರೆ ತೊಳೆಯುವ ನಮ್ಮ ಅಕ್ಕಂದಿರು ಅದೇ ಪ್ರಸಂಗ ಕೇಳಬೇಕು! ಅಡುಗೆ ಮಾಡಿದ್ದಕ್ಕೆ ಯೇಸು ಅವಳನ್ನು ಗದರಿಸಲಿಲ್ಲ. "ಮಾರ್ಥಳೇ, ಮಾರ್ಥಳೇ" ಅಂತ ಎರಡು ಸಲ ಹೆಸರು ಹಿಡಿದು ಕರೆದ. ಅವಳ ಮನಸ್ಸು ಹತ್ತು ಕಡೆ ಹರಿದುಹೋಗಿತ್ತು, ಅದನ್ನು ಹೇಳಿದ. ಆ ಕರೆಯಲ್ಲಿ ಎಷ್ಟು ಅಕ್ಕರೆ ಇದೆ ಅಲ್ವಾ?

ಇನ್ನು ಶಿಷ್ಯರನ್ನು ನೋಡಿ. ಯೇಸು ಸತ್ತವರೊಳಗಿಂದ ಎದ್ದಿದ್ದಾನೆ. ಲೋಕಕ್ಕೆಲ್ಲ ಹೇಳಬೇಕಾದ ಸುದ್ದಿ ಬಾಯಲ್ಲಿದೆ. ಇದಕ್ಕಿಂತ ಅವಸರದ ಕೆಲಸ ಯಾವುದಿದೆ? ಆದರೂ ಯೆರೂಸಲೇಮನ್ನು ಬಿಟ್ಟು ಹೋಗಬೇಡಿ, ಪವಿತ್ರಾತ್ಮ ಬರುವ ತನಕ ಕಾದುಕೊಂಡಿರಿ ಅನ್ನುವ ಅಪ್ಪಣೆ. ಸುಮಾರು 120 ಮಂದಿ ಹತ್ತು ದಿನ ಪ್ರಾರ್ಥನೆಯಲ್ಲಿ ಕಾದರು. ಮುಂದೆ ಸುವಾರ್ತೆ ಸಾರಲು ಅಪೊಸ್ತಲ ಪೌಲನೂ ಆಸ್ಯ ಪ್ರಾಂತ್ಯಕ್ಕೆ ಹೊರಟರೆ ತಡೆ, ಬಿಥೂನ್ಯಕ್ಕೆ ಹೊರಟರೆ ತಡೆ. ತ್ರೋವ ಪಟ್ಟಣದಲ್ಲಿ ರಾತ್ರಿ ದರ್ಶನವಾದ ಮೇಲೆಯೇ ಮಕೆದೋನ್ಯದ ದಾರಿ ತೆರೆಯಿತು. ಬೇಡ ಅನ್ನುವುದೂ ದೇವರ ನಡೆಸುವಿಕೆಯೇ.

ಈಗ ಕಮಿಟಿಯವರ ಪ್ರಶ್ನೆಗೆ ಬರುತ್ತೇನೆ. ಕ್ರಿಸ್ಮಸ್ ಆರಾಧನೆ, ಕ್ಯಾರಲ್ಸ್ ಎಲ್ಲ ಎಂದಿನಂತೆ ಇರಲಿ. ಹೊಸದು ಬೇಡ. ಬುಧವಾರ ಸಂಜೆ 6ರಿಂದ 7 ಚರ್ಚಿನ ಬಾಗಿಲು ತೆರೆದಿರುತ್ತದೆ. ಹಾಡಿಲ್ಲ, ಪ್ರಸಂಗವಿಲ್ಲ, ಮೈಕಿಲ್ಲ. ಬಂದು ಕೂತು ಪ್ರಾರ್ಥನೆ ಮಾಡಿ. ಎರಡು ವಾರದಿಂದ ಏಳೆಂಟು ಜನ ಬರುತ್ತಿದ್ದೇವೆ. ಮೊದಲ ವಾರ ಹತ್ತು ನಿಮಿಷಕ್ಕೇ ನನ್ನ ಕೈ ಫೋನಿಗೆ ಹೋಯಿತು. ಈಗ ಬ್ಯಾಗನ್ನು ಬಾಗಿಲ ಹತ್ತಿರವೇ ಇಟ್ಟು ಒಳಗೆ ಹೋಗುತ್ತೇನೆ.

ಶನಿವಾರಗಳಂದು ನಾನು ಮತ್ತೆ ಇಬ್ಬರು ಆ ತಾಂಡಾಕ್ಕೆ ಹೋಗಿ ಅಜ್ಜಿಯ ಕಟ್ಟೆಯ ಮೇಲೆ ಕೂತು ಮಾತಾಡಿ ಬರುತ್ತೇವೆ. ಮೊನ್ನೆ ಅವಳು ತನ್ನ ಮೊಮ್ಮಗಳು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಕಥೆ ಹೇಳಿದಳು. ಬೆಂಚುಗಳು ಇನ್ನೂ ಅಲ್ಲೇ ಗುಡಿಸಲಲ್ಲಿವೆ, ಅವಳೇ ತಾಡಪತ್ರಿ ಹೊದಿಸಿ ಇಟ್ಟಿದ್ದಾಳೆ. ಯುಗಾದಿಗೆ ಜನ ವಾಪಸ್ ಬರುತ್ತಾರೆ. ಅವರನ್ನೂ ಕೇಳಬೇಕು. ಕ್ಲಾಸ್ ಬೇಕು ಅನ್ನುತ್ತಾರೋ, ಬೇರೆ ಏನು ಹೇಳುತ್ತಾರೋ ನೋಡೋಣ. ಅಲ್ಲಿಯ ತನಕ ಪ್ರಾರ್ಥನೆಯಲ್ಲಿ ಆ ತಾಂಡಾವನ್ನು ನೆನಪಿಟ್ಟುಕೊಳ್ಳಿ. ಬುಧವಾರ ಬರಲು ಆಗುವವರು ಬನ್ನಿ.