ರ‍್ಯಾಂಪ್: ಇದೆ

ಆ ರ‍್ಯಾಂಪನ್ನು ನೀವೂ ನೋಡಿರ್ತೀರಿ. ಶಿವಮೊಗ್ಗದ ಯಾವ ಕಚೇರಿಯದು ಅಂತ ಹೇಳೋದಿಲ್ಲ, ಹೇಳಿದರೆ ಉಳಿದ ಕಚೇರಿಯವರಿಗೆ ಬೇಜಾರಾದೀತು. ನಾಲ್ಕು ಮೆಟ್ಟಿಲು, ಪಕ್ಕದಲ್ಲಿ ಆರಡಿ ಉದ್ದದ ಇಳಿಜಾರು, ಅದಕ್ಕೆ ಮುಖ ಕಾಣುವಂಥ ಗ್ರಾನೈಟ್. ಮಳೆ ಬಿದ್ದ ದಿನ ಅದರ ಮೇಲೆ ಬೆಕ್ಕೂ ಯೋಚನೆ ಮಾಡಿಯೇ ಕಾಲಿಡಬೇಕು.

ಒಂದಡಿ ಏರೋಕೆ ಹನ್ನೆರಡಡಿ ಉದ್ದ ಬೇಕು ಅನ್ನೋದು ನಿಯಮ. ಎರಡಡಿ ಎತ್ತರದ ಈ ಜಗಲಿಗೆ 24 ಅಡಿ ಆಯ್ತು. ಅಷ್ಟು ಎಳೆದರೆ ಸಾಹೇಬರ ಜೀಪು ಎಲ್ಲಿ ನಿಲ್ಲಬೇಕು? ನಮ್ಮ ಎಂಜಿನಿಯರು ಜೀಪನ್ನೂ ಉಳಿಸಿದರು, ಕಾನೂನನ್ನೂ ಉಳಿಸಿದರು. ಮಲೆನಾಡಿನವರಿಗೆ ಗುಡ್ಡ ಹೊಸದಾ ಅಂತ ಅಂದುಕೊಂಡಿರಬೇಕು, ಪುಣ್ಯಾತ್ಮರು.

ಅಡಿಕೆ ಗೊನೆ ಕೊಯ್ಯುತ್ತಿದ್ದ ನಮ್ಮೂರ ಕೊನೆಗಾರಣ್ಣನನ್ನು ಪಿಂಚಣಿ ಕೆಲಸಕ್ಕೆ ಅಲ್ಲಿಗೆ ಕರ್ಕೊಂಡು ಹೋಗಿದ್ದೆ. 2014ರಲ್ಲಿ ಅಡಿಕೆ ಮರದಿಂದ ಬಿದ್ದವನು, ಸೊಂಟದ ಕೆಳಗೆ ಸ್ವಾಧೀನವಿಲ್ಲ. (ಬಿದ್ದದ್ದು ನಮ್ಮ ತೋಟದಲ್ಲೇ. ಆ ವಿಷಯ ನಾನು ಹೆಚ್ಚು ಎತ್ತೋದಿಲ್ಲ.) ಗಾಲಿಕುರ್ಚಿಯಲ್ಲಿ ಕೂತೇ ಇಳಿಜಾರನ್ನು ಬುಡದಿಂದ ತುದಿಯವರೆಗೆ ನೋಡಿ, "ಮರಕ್ಕಾದ್ರೆ ಕಾಲಿಗೆ ಹಗ್ಗದ ತಳೆ ಇತ್ತು ಭಟ್ರೆ, ಇದಕ್ಕೆ ಎಂತ ಕಟ್ಕಳದು?" ಅಂದ.

ಅವನಿಗೆ ಸರ್ಕಾರ ಏನೂ ಕೊಟ್ಟಿಲ್ಲ ಅನ್ನೋ ಹಾಗಿಲ್ಲ. ಹೆಸರು ಕೊಟ್ಟಿದೆ. ಮೊದಲು ಅಂಗವಿಕಲ, ಆಮೇಲೆ ವಿಕಲಚೇತನ, ವಿಶೇಷಚೇತನ. 2015ರ ಕೊನೆಗೆ ದೆಹಲಿಯಿಂದ ದಿವ್ಯಾಂಗವೂ ಬಂತು. ಹೆಸರಿಗೆ ಸಿಮೆಂಟು ಬೇಡ, ಟೆಂಡರೂ ಬೇಡ. ಊರಲ್ಲಿ ಮಾತ್ರ ಈಗಲೂ "ಆ ಬಿದ್ದವನು" ಅಂತಲೇ ಕರೀತಾರೆ.

ಇನ್ನು ಅಂಕಿ ಅಂಶ. 2011ರ ಗಣತಿಯಲ್ಲಿ ದೇಶಕ್ಕೆ 2.68 ಕೋಟಿ, ಕರ್ನಾಟಕಕ್ಕೆ 13 ಲಕ್ಷ ಚಿಲ್ಲರೆ ವಿಕಲಚೇತನರು. ಎಣಿಸಿದ್ದು ಎಂಟು ಬಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21 ಮಾಡಿತು. ಮುಂದಿನ ಗಣತಿ 2027ಕ್ಕೆ. ಅಲ್ಲಿಯವರೆಗೆ ಯೋಜನೆಯೆಲ್ಲ ಹಳೇ ಲೆಕ್ಕದ ಮೇಲೆ. ಆ ಲೆಕ್ಕದ ಪ್ರಕಾರ ನಮ್ಮ ಕೊನೆಗಾರಣ್ಣ ಇನ್ನೂ ಮರದ ಮೇಲೇ ಇದ್ದಾನೆ, ಕೊನೆ ಕೊಯ್ತಾ.

ಶಾಲೆಗಳದ್ದು ವರ್ಷ ವರ್ಷ ಲೆಕ್ಕವಾಗುತ್ತೆ, ಶಾಲೆಗಳ ಮಾಹಿತಿ ಸೇರಿಸೋ ಸರ್ಕಾರಿ ದಾಖಲೆ ಯುಡೈಸ್ ಪ್ಲಸ್‌ನಲ್ಲಿ. ರ‍್ಯಾಂಪ್ ಇದೆಯೇ? ಹಿಡಿಕಂಬಿ ಇದೆಯೇ? ಇದೆ, ಇದೆ. ಯಾವ ಮಗುವಾದರೂ ಹತ್ತಿತಾ ಅಂತ ಮಾತ್ರ ಮೇಷ್ಟ್ರನ್ನು ಯಾರೂ ಕೇಳೋದಿಲ್ಲ.

ತಮಾಷೆ ಸಾಕು. ಇದ್ದ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಸರಿಮಾಡೋಕೆ ಆ 2016ರ ಕಾಯ್ದೆ ಕೊಟ್ಟದ್ದು, 2017ರಲ್ಲಿ ನಿಯಮ ಬಂದ ಮೇಲೆ ಐದು ವರ್ಷ. 2022ಕ್ಕೇ ಮುಗೀತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೇಂದ್ರ ಸರ್ಕಾರಕ್ಕೆ, ನೀವು ಬರೆದ ನಿಯಮ ಬರೀ ಸಲಹೆಯಂತಿದೆ, ಕಡ್ಡಾಯ ಅನ್ನೋದು ಅದರಲ್ಲೆಲ್ಲಿದೆ ಅಂತ ಹೇಳಿ, ಮೂರು ತಿಂಗಳಲ್ಲಿ ಹೊಸದಾಗಿ ಮಾಡಿ ಅಂತು. ಒಬ್ಬ ಮನುಷ್ಯ ತನ್ನದೇ ಪಿಂಚಣಿ ಕೇಳೋಕೆ ಬಾಗಿಲವರೆಗೆ ಹೋಗಬೇಕು, ಅಷ್ಟೇ ರೀ. ಅದಕ್ಕೆ ಸುಪ್ರೀಂ ಕೋರ್ಟು ಬೇಕಾ? ನನಗಂತೂ ಸಾಕಾಗಿದೆ.

ಅವತ್ತು ಇಬ್ಬರು ಸೇರಿ ಕುರ್ಚಿ ಎತ್ತೋಣ ಅಂತ ಹೊರಟೆವು. ರ‍್ಯಾಂಪಿಗೆ ಕಂಬಿ ಇತ್ತು, ಸುಳ್ಳು ಹೇಳಬಾರದು. ಅದರ ಮೇಲೆ ಸಿಬ್ಬಂದಿಯ ಏಳೆಂಟು ಛತ್ರಿ, ಎರಡು ರೇನ್‌ಕೋಟು ನೇತಾಡ್ತಿದ್ದವು. ತೆಗೀರಿ ಸ್ವಲ್ಪ, ಹಿಡ್ಕೊಳ್ಳೋಕೆ ಬೇಕು ಅಂದೆ.

"ಒದ್ದೆ ಇದಾವೆ ಮಾರಾಯ್ರೆ," ಅಂದ ಜವಾನ, "ಮಳೆ ನಿಂತ ಮೇಲೆ ತೆಗೀತೀನಿ."

ಆರಿದ್ರೆ ನಕ್ಷತ್ರದ ಮಳೆ ಹಿಡಿದು ಆಗಷ್ಟೇ ಎರಡು ದಿನವಾಗಿತ್ತು.