ಸ್ಪಷ್ಟನೆ: 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ಕುದ್ಮುಲ್ ರಂಗರಾಯರು ಬದುಕಿರಲಿಲ್ಲ

‘1934ರಲ್ಲಿ ಗಾಂಧೀಜಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರನ್ನು ಭೇಟಿಯಾದರು, ಗಾಂಧೀಜಿಯ ಹರಿಜನ ಚಳವಳಿಯಿಂದ ಪ್ರೇರಿತರಾಗಿ ರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದರು’ ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ತಪ್ಪು.

ಕಾಸರಗೋಡಿನಲ್ಲಿ 1859ರ ಜೂನ್ 29ರಂದು ಹುಟ್ಟಿದ ರಾಯರು ತೀರಿಕೊಂಡದ್ದು 1928ರ ಜನವರಿ 30ರಂದು. ಅಂದರೆ, ಗಾಂಧೀಜಿ 1934ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬರುವ ಹೊತ್ತಿಗೆ ಆರು ವರ್ಷ ಕಳೆದಿತ್ತು. ಆಗ ಗಾಂಧೀಜಿ ನೋಡಿದ್ದು ರಾಯರು ಬಿಟ್ಟುಹೋದ ಕೆಲಸವನ್ನು, ರಾಯರನ್ನಲ್ಲ. ಅಸ್ಪೃಶ್ಯತೆಯ ವಿರುದ್ಧದ ದುಡಿಮೆಯಲ್ಲಿ ರಾಯರು ತಮಗೆ ಗುರು ಎಂಬ ಅರ್ಥದಲ್ಲಿ ಗಾಂಧೀಜಿ ಆಡಿದರೆನ್ನುವ ಮಾತೇ ಈ ‘ಭೇಟಿ’ಯಾಗಿ ಬೆಳೆದಿರಬೇಕು.

ಪ್ರೇರಣೆಯ ಮಾತಂತೂ ಕಾಲವನ್ನೇ ತಿರುಗುಮುರುಗು ಮಾಡುತ್ತದೆ. ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ರಾಯರ ಮೊದಲ ಶಾಲೆ ಶುರುವಾದದ್ದು 1892ರಲ್ಲಿ. ಆಗ ಗಾಂಧೀಜಿ ಇಂಗ್ಲೆಂಡಿನಿಂದ ಬ್ಯಾರಿಸ್ಟರಾಗಿ ಮರಳಿ ವರ್ಷವಷ್ಟೇ ಆಗಿತ್ತು; ದಕ್ಷಿಣ ಆಫ್ರಿಕಾಕ್ಕೂ ಹೋಗಿರಲಿಲ್ಲ. ದಲಿತರ ಏಳಿಗೆಗಾಗಿ ರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು 1897ರಲ್ಲಿ, ಗಾಂಧೀಜಿಯ ಹರಿಜನ ಸೇವಕ ಸಂಘ ಹುಟ್ಟಿದ್ದು 1932ರಲ್ಲಿ. ಪ್ರಭಾವ ಹುಡುಕುವವರು ಜಾತಿಭೇದವನ್ನು ವಿರೋಧಿಸಿದ ಸುಧಾರಣಾ ಪಂಥವಾದ ಬ್ರಹ್ಮ ಸಮಾಜದ ಕಡೆ ನೋಡಲಿ.

ಇನ್ನೊಂದು ಸಣ್ಣ ತಿದ್ದುಪಡಿ: ಕೆಲವು ಪೋಸ್ಟುಗಳು ರಾಯರನ್ನೇ ದಲಿತರೆಂದು ಬರೆದಿವೆ. ಅವರು ಸಾರಸ್ವತ ಬ್ರಾಹ್ಮಣರು, ವೃತ್ತಿಯಲ್ಲಿ ವಕೀಲರು. ಈ ಕೆಲಸಕ್ಕಾಗಿ ಸ್ವಜಾತಿಯವರ ಬಹಿಷ್ಕಾರ ಉಂಡದ್ದು ಅದಕ್ಕೇ.